ಹಳೆಯ ಫಿಯಟ್ಟಿಗೆ ಅದರದೇ ಎಂಜಿನ್



ಮಲೆನಾಡಿನ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ, ಅಡಿಕೆ ಗೋದಾಮಿನ ಮೂಲೆಯಲ್ಲಿ ಹಳೆಯ ಗಾಡಿಯೊಂದು ನಿಂತಿರುತ್ತದೆ. ವಿಲ್ಲೀಸ್ ಜೀಪೋ, ಅಂಬಾಸಿಡರೋ, ಫಿಯಟ್ಟೋ. ಅಜ್ಜನೋ ದೊಡ್ಡಪ್ಪನೋ ಓಡಿಸಿದ್ದು. ಮಾರಲು ಮನಸ್ಸು ಬಾರದು, ಮುಟ್ಟಲು ಧೈರ್ಯ ಸಾಲದು. ನೋಡಲು ಬಂದವರೆಲ್ಲ ಎರಡರಲ್ಲಿ ಒಂದು ಮಾತು ಹೇಳಿ ಹೋಗುತ್ತಾರೆ. ಒಂದು, ಗುಜರಿಗೆ ಕೊಟ್ಟುಬಿಡಿ. ಇನ್ನೊಂದು, ಎಂಜಿನ್ ಕಿತ್ತು ಹಾಕಿ ಈಚಿನ ಯಾವುದಾದರೂ ಕಾರಿನ ಎಂಜಿನ್ ಕೂರಿಸಿ, ಬೆಣ್ಣೆ ಹಾಗೆ ಓಡುತ್ತದೆ. ಈ ಎರಡೂ ಬೇಡ ಎಂದು ಹೇಳಲು ನಾನು ಇಲ್ಲಿ ಕೂತಿದ್ದೇನೆ. ಆ ಗಾಡಿಗೆ ಅದರದೇ ಎಂಜಿನ್ ಬಿಚ್ಚಿ, ಅಳೆದು, ಮತ್ತೆ ಕಟ್ಟಬಹುದು. ಅದಕ್ಕೆ ಬೇಕಾದ ಕೈಗಳು ಶಿವಮೊಗ್ಗ, ಭದ್ರಾವತಿಗಳಲ್ಲಿ ಇನ್ನೂ ಇವೆ. ಅವು ಇರುವಾಗಲೇ ಈ ಕೆಲಸ ಆಗಬೇಕು.

ನನ್ನ ಮನೆಯ ಶೆಡ್ಡಿನಲ್ಲಿರುವುದು ಫಿಯಟ್ 1100 ಡಿಲೈಟ್. ತೀರ್ಥಹಳ್ಳಿ ಕಡೆಯ ಸೋದರಮಾವನದು. ನಂಬರ್ ಪ್ಲೇಟಿನ ಮೇಲೆ ಇನ್ನೂ ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳಿವೆ. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಒಂದೇ ಉದ್ದನೆಯ ಸೀಟು, ಬಾನೆಟ್ ಎತ್ತಿದರೆ 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್. ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75 ಮಿಲಿಮೀಟರ್. ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ.

ಈ ಕಾರಿಗೂ ನಮ್ಮ ಊರುಗಳಿಗೂ ಒಂದು ನಂಟಿದೆ. ಅದು ಬಹಳ ಜನರಿಗೆ ತಿಳಿದಿಲ್ಲ. ಭದ್ರಾವತಿಯನ್ನು ಜನ ಬೆಂಕಿಪುರ ಎನ್ನುತ್ತಿದ್ದ ಕಾಲದಲ್ಲಿ, ಕೆಮ್ಮಣ್ಣುಗುಂಡಿಯ ಅದಿರು ಮತ್ತು ನಮ್ಮ ಕಾಡಿನ ಇದ್ದಿಲು ಇಟ್ಟುಕೊಂಡು ಕಬ್ಬಿಣ ಕರಗಿಸುವ ಕಾರ್ಖಾನೆಯ ಯೋಜನೆ ಹೊರಟಿತು. 1923ರಲ್ಲಿ ಕುಲುಮೆ ಉರಿಯಿತು. ದಿವಾನಗಿರಿ ಬಿಟ್ಟು ಬಂದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ಅದನ್ನು ನಡೆಸಿದರು. ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನ ಕಥೆ ನೋಡಿ. ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಅವರು ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದರು. ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರ ಬೆಂಬಲಕ್ಕೆ ಮುಂದೆ ಬಂತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರಿನ ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಬರಲೇ ಇಲ್ಲ. ವಾಲಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. ಕಾರಿನ ಕನಸು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಕೈಗೂಡಿತು. ಮೊದಲು ಅಮೆರಿಕದ ಡಾಜ್, ಪ್ಲಿಮತ್ ಗಾಡಿಗಳನ್ನು ಜೋಡಿಸಿದ ಆ ಕಂಪನಿ 1950ರ ದಶಕದಲ್ಲಿ ಇಟಲಿಯ ಫಿಯಟ್ ಕಾರುಗಳಿಗೆ ಕೈ ಹಾಕಿತು. ಡಿಲೈಟ್ ಬಂತು, ಮುಂದೆ ಅದೇ ಪದ್ಮಿನಿ ಆಯಿತು. ಬೆಂಕಿಪುರದಲ್ಲಿ ಕಬ್ಬಿಣ ಕರಗಿಸಿದವರೇ ಈ ಕಾರಿನ ಕಂಪನಿಗೂ ಬೀಜ ಬಿತ್ತಿದ್ದರು. ಆ ಕಾರಿನ ಬ್ಲಾಕನ್ನು ಗುಜರಿಯ ತಕ್ಕಡಿಗೆ ಇಡಲು ನನಗೆ ಕೈ ಬರಲಿಲ್ಲ.

ಬಾಡಿಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಜೀಪಿಗೆ ಬೇರೆಯೇ ಚಾಸಿಸ್ ಇರುತ್ತದೆ, ಮೇಲಿನ ತಗಡು ತೂತಾದರೂ ಗಾಡಿ ನಿಲ್ಲುತ್ತದೆ. ಫಿಯಟ್ಟಿಗೆ ಹಾಗಿಲ್ಲ. ಅದರ ನೆಲ, ಬಾಗಿಲ ಕೆಳಗಿನ ಪಟ್ಟಿ, ಗೋಡೆ ಎಲ್ಲ ಒಂದಕ್ಕೊಂದು ಬೆಸೆದು ಅದೇ ಗಾಡಿಯ ಬೆನ್ನೆಲುಬಾಗಿದೆ. ನಮ್ಮ ಮಳೆಗಾಲದ ಶೀತಕ್ಕೆ ಮೊದಲು ತುಕ್ಕು ಹಿಡಿಯುವುದೂ ಅದೇ ಪಟ್ಟಿ. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಣ್ಣಿಗೆ ಚೆಂದ, ಒಳಗೆ ಟೊಳ್ಳು. ಹಾಗಾಗಿ ಟಿಂಕರಿಂಗ್ ಮಾಡುವವರಿಗೆ ಒಂದೇ ಮಾತು ಹೇಳಿ: ತುಕ್ಕು ತಿಂದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡು ಬೆಸೆಯಬೇಕು. ಕತ್ತರಿಸುವ ಮುಂಚೆ ಬಾಗಿಲುಗಳ ಸಂದಿಗೆ ಅಡ್ಡ ಕಂಬಿ ಕೊಟ್ಟು ಬಾಡಿ ತಿರುಚದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಬಾಗಿಲು ಕೂರುವುದಿಲ್ಲ.

ಈಗ ಎಂಜಿನ್. ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿರುತ್ತದೆ. ಪಿಸ್ಟನ್ ರಿಂಗುಗಳು ಬೋರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಅದನ್ನು ಸ್ಟಾರ್ಟರ್ ಹೊಡೆದೋ, ಗಾಡಿ ಎಳೆದೋ ಬಿಡಿಸಲು ಹೋದರೆ ರಿಂಗು ಮುರಿದು ಬೋರು ಗೀರುತ್ತದೆ. ಪ್ಲಗ್ಗುಗಳನ್ನು ತೆಗೆದು ಆ ತೂತಿನಿಂದ ಡೀಸೆಲ್ಲು, ತೆಳು ಎಣ್ಣೆ ಬೆರೆಸಿ ಹೊಯ್ದು ಬಿಡಬೇಕು. ದಿನವೂ ಕ್ರ್ಯಾಂಕಿನ ಮುಂದಿನ ನಟ್ಟಿಗೆ ಪಾನಾ ಹಾಕಿ ಆ ಕಡೆ ಈ ಕಡೆ ಒಂದಿಷ್ಟೇ ಆಡಿಸಿ ನೋಡಬೇಕು. ಒಂದು ದಿನ ಅದು ಕೂದಲೆಳೆಯಷ್ಟು ಅಲುಗುತ್ತದೆ. ಅಲ್ಲಿಂದ ಮುಂದೆ ತಾನಾಗಿ ದಾರಿ ಬಿಡುತ್ತದೆ.

ಹೆಡ್ಡು ತೆಗೆಯುವುದೇ ದೊಡ್ಡ ಪರೀಕ್ಷೆ. ಅಲ್ಯುಮಿನಿಯಂ ಹೆಡ್ಡು, ಉಕ್ಕಿನ ಸ್ಟಡ್ಡು. ನೀರಿನ ಪಸೆ ಸೇರಿದರೆ ಎರಡು ಲೋಹಗಳ ನಡುವೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗಿ ಸ್ಟಡ್ಡಿನ ಸುತ್ತ ಗಟ್ಟಿಯಾಗಿ ಕೂರುತ್ತದೆ. ನಟ್ಟುಗಳೆಲ್ಲ ಬಿಚ್ಚಿದರೂ ಹೆಡ್ಡು ಏಳುವುದಿಲ್ಲ. ಸ್ಕ್ರೂ ಡ್ರೈವರು ತೂರಿಸಿ ಮೀಟಿದರೆ ಹೆಡ್ಡಿನ ತಳ ಗಾಯವಾಗಿ ಕಂಪ್ರೆಷನ್ ಸೋರುವ ದಾರಿಯಾಗುತ್ತದೆ. ಹಳೆಯ ಮೇಸ್ತ್ರಿಗಳ ಉಪಾಯ ಬೇರೆ. ರಾಕರ್ ಶಾಫ್ಟು ಮೊದಲೇ ಬಿಚ್ಚಿದ್ದರೆ ವಾಲ್ವುಗಳೆಲ್ಲ ಮುಚ್ಚಿರುತ್ತವೆ. ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರಿನ ಪಿಸ್ಟನ್ ಕೆಳಗಿರುವಾಗ, ಪ್ಲಗ್ಗಿನ ತೂತಿನಿಂದ ಮೆತ್ತನೆಯ ಹತ್ತಿಯ ಹಗ್ಗವನ್ನು ಒಳಗೆ ತುಂಬುತ್ತ ಹೋಗಬೇಕು, ತುದಿ ಮಾತ್ರ ಹೊರಗೆ ಉಳಿಯಬೇಕು. ಆಮೇಲೆ ಕ್ರ್ಯಾಂಕನ್ನು ಪಾನಾದಿಂದ ನಿಧಾನ ತಿರುಗಿಸಿದರೆ ಆ ಎರಡೂ ಪಿಸ್ಟನ್ನುಗಳು ಒಟ್ಟಿಗೇ ಮೇಲೇರಿ, ಹಗ್ಗವನ್ನು ಒತ್ತಿ, ಹೆಡ್ಡನ್ನು ಎರಡೂ ತುದಿಯಲ್ಲಿ ಸಮನಾಗಿ ಎಬ್ಬಿಸುತ್ತವೆ. ನನ್ನ ಶೆಡ್ಡಿನಲ್ಲಿ ಹಾಗೇ ಆಯಿತು. ಕರಕರ ಎಂದು ಸದ್ದು ಮಾಡುತ್ತ ಹೆಡ್ಡು ಎದ್ದು ಬಂತು, ಒಂದು ಗೀರೂ ಬೀಳಲಿಲ್ಲ. ಈ ವಿದ್ಯೆಯನ್ನು ಕಂಡುಹಿಡಿದವರು ಯಾರೋ, ಅವರಿಗೆ ನಾನು ಕೈ ಮುಗಿಯುತ್ತೇನೆ.

ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಇಡುವುದು ಅರ್ಧ ಕೆಲಸ. ಪುಶ್ ರಾಡು, ಟ್ಯಾಪೆಟ್ಟು, ವಾಲ್ವು ಇವು ತಮ್ಮ ತಮ್ಮ ಜಾಗದಲ್ಲಿ ಸವೆದು ಹೊಂದಿಕೊಂಡಿರುತ್ತವೆ. ರಟ್ಟಿಗೆ ತೂತು ಮಾಡಿ, ಸಿಲಿಂಡರ್ ನಂಬರ್ ಬರೆದು, ಸಾಲಾಗಿ ಚುಚ್ಚಿಟ್ಟರೆ ಸಾಕು. ಕನೆಕ್ಟಿಂಗ್ ರಾಡಿನ ಕ್ಯಾಪನ್ನು ಇನ್ನೊಂದರ ಕ್ಯಾಪಿನೊಂದಿಗೆ ಅದಲು ಬದಲು ಮಾಡಲೇಬಾರದು. ಎರಡನ್ನೂ ಜೋಡಿಸಿಯೇ ಬೋರ್ ಮಾಡಿರುತ್ತಾರೆ, ಬೇರೆ ಕ್ಯಾಪು ಹಾಕಿದರೆ ತೂತು ದುಂಡಗೆ ಉಳಿಯುವುದಿಲ್ಲ.

ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರೀತಿಯ ಭಾಗ ಖಾಲಿ ಬ್ಲಾಕನ್ನು ನೋಡುವುದು. ಬೋರಿನ ಬಾಯಿಯಿಂದ ಸ್ವಲ್ಪ ಕೆಳಗೆ ಉಗುರು ಆಡಿಸಿ, ಒಂದು ಏಣು ತಾಗುತ್ತದೆ. ಏಣಿನ ಮೇಲಿರುವುದು ಕಾರ್ಖಾನೆಯಿಂದ ಬಂದ ಮೂಲ ಅಳತೆ, ರಿಂಗು ಅಲ್ಲಿಗೆ ಮುಟ್ಟುವುದೇ ಇಲ್ಲ. ಏಣಿನ ಕೆಳಗೆ ಸವೆತ. ಬೋರು ಅತಿ ಹೆಚ್ಚು ಸವೆಯುವುದು ಅಲ್ಲೇ. ಪಿಸ್ಟನ್ ಮೇಲೆ ಬಂದು, ಅರೆಗಳಿಗೆ ನಿಂತು, ತಿರುಗಿ ಇಳಿಯುವ ಜಾಗ ಅದು. ನಿಂತ ಕ್ಷಣ ಎಣ್ಣೆಯ ಪೊರೆ ಹರಿಯುತ್ತದೆ, ಅದೇ ಹೊತ್ತಿಗೆ ಪೆಟ್ರೋಲು ಉರಿದ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಕೆಳಗೆ ಹೋದಂತೆ ಸವೆತ ಕಡಿಮೆ. ಕನೆಕ್ಟಿಂಗ್ ರಾಡು ಓರೆಯಾಗಿ ನಿಂತು ಪಿಸ್ಟನ್ನನ್ನು ಒಂದು ಪಕ್ಕಕ್ಕೆ ತಳ್ಳುವುದರಿಂದ ಬೋರು ದುಂಡಗೂ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆದ್ದರಿಂದ ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟು ಅಳೆಯಬೇಕು. ನಾಲ್ಕು ಬೋರಿಗೆ ಇಪ್ಪತ್ತನಾಲ್ಕು ಅಳತೆ. ಹಾಳೆಯ ಮೇಲೆ ಅವನ್ನು ಬರೆದುಕೊಂಡರೆ ಆ ಕಾರನ್ನು ಹೇಗೆ ಓಡಿಸಿದ್ದಾರೆ, ಏರ್ ಕ್ಲೀನರ್ ಸರಿಯಾಗಿತ್ತೋ ಇಲ್ಲವೋ, ಎಣ್ಣೆ ಬದಲಿಸಿದ್ದರೋ ಇಲ್ಲವೋ ಎಲ್ಲ ಕಾಣುತ್ತದೆ.

ಬ್ಲಾಕಿಗೆ ಎರಕದ ಕಬ್ಬಿಣವೇ ಏಕೆ ಎಂದು ಕೇಳುವವರಿಗೆ ಭದ್ರಾವತಿಯವರು ಚೆನ್ನಾಗಿ ಉತ್ತರ ಹೇಳಬಲ್ಲರು. ಬೂದು ಎರಕದ ಕಬ್ಬಿಣದಲ್ಲಿ ಶೇಕಡಾ 3ರ ಆಸುಪಾಸು ಇಂಗಾಲವಿರುತ್ತದೆ. ಅದರಲ್ಲಿ ಬಹುಪಾಲು ಕಬ್ಬಿಣದೊಳಗೆ ಕರಗದೆ, ಸಣ್ಣ ಸಣ್ಣ ಗ್ರಾಫೈಟ್ ಪದರಗಳಾಗಿ ಹರಡಿಕೊಂಡಿರುತ್ತದೆ. ಎಣ್ಣೆಯ ಪೊರೆ ತೆಳುವಾದಾಗ ಆ ಗ್ರಾಫೈಟೇ ಜಾರುವ ಗುಣ ಕೊಡುತ್ತದೆ, ಎಣ್ಣೆಯನ್ನೂ ಹಿಡಿದಿಡುತ್ತದೆ, ಎಂಜಿನ್ನಿನ ಅದುರನ್ನು ನುಂಗುತ್ತದೆ. ಭದ್ರಾವತಿಯ ಮೊದಲಿನ ಕಬ್ಬಿಣ ಇದ್ದಿಲಿನಿಂದ ತೆಗೆದದ್ದು. ಇದ್ದಿಲಿನಲ್ಲಿ ಗಂಧಕ ತೀರ ಕಡಿಮೆ, ಹಾಗಾಗಿ ಆ ಕಬ್ಬಿಣ ಎರಕಕ್ಕೆ ಒಳ್ಳೆಯದು. ಆಮೇಲೆ ಅಲ್ಲಿ ಉಕ್ಕು ಬಂತು, ಗೇರು, ಕ್ರ್ಯಾಂಕ್ ಶಾಫ್ಟುಗಳಿಗೆ ಬೇಕಾಗುವ ಜಾತಿಯ ಮಿಶ್ರಲೋಹದ ಉಕ್ಕೂ ಬಂತು. ಇವತ್ತಿಗೂ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ, ನಿದಿಗೆ ಕಡೆ ಎರಕದ ಕಾರ್ಖಾನೆಗಳಿವೆ. ಅಲ್ಲಿ ವಾಹನಗಳ ಭಾಗಗಳು ಎರಕವಾಗುತ್ತವೆ. ಲೋಹದ ಜೊತೆ ಬದುಕುವ ಜನ ನಮ್ಮ ಸುತ್ತಲೇ ಇದ್ದಾರೆ. ಆ ಬಲದ ಮೇಲೆಯೇ ನಾನು ಮನೆಯಲ್ಲಿ ಎಂಜಿನ್ ಕಟ್ಟಬಹುದು ಎಂದು ಹೇಳುತ್ತಿರುವುದು.

ಮನೆಯಲ್ಲಿ ಎಂದರೆ ಎಲ್ಲವೂ ಮನೆಯಲ್ಲೇ ಅಲ್ಲ. ಬೋರ್ ಮಾಡುವುದು, ಕ್ರ್ಯಾಂಕ್ ಗ್ರೈಂಡಿಂಗು, ಹೆಡ್ಡಿನ ತಳ ಸಮ ಮಾಡುವುದು ಯಂತ್ರದ ಕೆಲಸ. ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ ಲೇತಿನ ಅಂಗಡಿಗೆ ಒಯ್ದೆ. ಮೇಸ್ತ್ರಿ ಬ್ಲಾಕು ಮುಟ್ಟುವ ಮೊದಲೇ ಕೇಳಿದರು:

“ಪಿಸ್ಟನ್ ತಂದಿದೀರಾ ಸಾರ್?”

“ಅಳತೆ ಬರ್ಕೊಂಡ್ ಬಂದಿದೀನಿ ಮೇಸ್ತ್ರಿ. ಪಿಸ್ಟನ್ ಆರ್ಡರ್ ಹಾಕಿದೀನಿ, ಬರ್ತದೆ.”

“ಬರ್ಲಿ ಸಾರ್. ಪಿಸ್ಟನ್ ಕೈಗೆ ಬಂದ್ಮೇಲೆ ಬೋರ್ ಹೊಡ್ಯೋಣ. ಡಬ್ಬಿ ಮೇಲೆ ಬರ್ದಿರೋ ಸೈಜು ನಂಬ್ಕೊಂಡು ನಾನು ಕಬ್ಬಿಣ ತೆಗ್ಯಲ್ಲ. ತೆಗ್ದಿದ್ದು ವಾಪಸ್ ಹಚ್ಚಕ್ಕಾಗಲ್ಲ ನೋಡಿ.”

ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಮೂಲ ಅಳತೆಗಿಂತ ದೊಡ್ಡ ಪಿಸ್ಟನ್ನುಗಳು ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತವೆ. ಸವೆತ ಪೂರ್ತಿ ಹೋಗುವ ಅತಿ ಚಿಕ್ಕ ಮೆಟ್ಟಿಲನ್ನೇ ಆರಿಸಬೇಕು, ಆಗ ಇನ್ನೊಂದು ತಲೆಮಾರಿಗೂ ಬ್ಲಾಕಿನಲ್ಲಿ ಲೋಹ ಉಳಿಯುತ್ತದೆ. ಬೋರ್ ಆದ ಮೇಲೆ ಹೋನಿಂಗ್. ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ನವಿರಾದ ಗೆರೆಗಳನ್ನು ಎಳೆಯುತ್ತಾರೆ. ಎಣ್ಣೆ ನಿಲ್ಲುವುದು, ಹೊಸ ರಿಂಗು ಕೂರುವುದು ಆ ಗೆರೆಗಳಿಂದಲೇ. ಕನ್ನಡಿಯಂತೆ ನುಣುಪಾದ ಬೋರು ನೋಡಲು ಚೆಂದ, ಅದರಲ್ಲಿ ರಿಂಗು ಕೂರುವುದಿಲ್ಲ, ಹೊಗೆ ನಿಲ್ಲುವುದಿಲ್ಲ. ಮನೆಗೆ ತಂದ ಮೇಲೆ ಬೋರನ್ನು ಸೋಪಿನ ಬಿಸಿನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಹೋನಿಂಗ್ ಕಲ್ಲಿನ ಪುಡಿ ಎಣ್ಣೆಯಲ್ಲಿ ಸೇರಿದರೆ ಹೊಸ ಎಂಜಿನ್ ಕೆಲವೇ ದಿನಗಳಲ್ಲಿ ಹಳೆಯದಾಗುತ್ತದೆ. ತೊಳೆದ ತಕ್ಷಣ ಎಣ್ಣೆ ಸವರಬೇಕು, ನಮ್ಮ ಹವೆಗೆ ಒಂದು ರಾತ್ರಿ ಸಾಕು ತುಕ್ಕು ಏಳಲು. ಹೊಸ ರಿಂಗನ್ನು ಬೋರಿನೊಳಗೆ ಇಟ್ಟು ತುದಿಗಳ ನಡುವಿನ ಸಂದು ಫೀಲರ್ ಗೇಜಿನಲ್ಲಿ ನೋಡಬೇಕು. ಬೋರಿನ ಪ್ರತಿ ಇಂಚಿಗೆ ಮೂರರಿಂದ ನಾಲ್ಕು ಥೌ, ಅಂದರೆ ಇಂಚಿನ ಸಾವಿರದಲ್ಲಿ ಮೂರು ನಾಲ್ಕು ಪಾಲು, ಎಂಬುದು ಗ್ಯಾರೇಜಿನ ವಾಡಿಕೆ. ಸಂದು ಇಲ್ಲದಿದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಮುರಿಯುತ್ತದೆ.

ವಾಲ್ವು ಉಜ್ಜುವ ಕೆಲಸ ಮಾತ್ರ ಪೂರ್ತಿ ಮನೆಯಲ್ಲೇ ಆಯಿತು. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಭದ್ರಾವತಿಯ ಹಿರಿಯ ಫಿಟ್ಟರ್ ಒಬ್ಬರು ಬಂದು ಕೂತು ಹೇಳಿಕೊಟ್ಟರು. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟು ತೆಳ್ಳಗೆ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ತಿರುಗಿಸಬೇಕು. ನಡುನಡುವೆ ಎತ್ತಿ ಜಾಗ ಬದಲಿಸಬೇಕು. ಮೊದಲು ಗರಗರ ಎನ್ನುವ ಸದ್ದು ಮೆಲ್ಲಗೆ ಸುಯ್ ಎನ್ನಲು ಶುರುವಾದರೆ ಒರೆಸಿ ನೋಡುವ ಹೊತ್ತು ಬಂತೆಂದು ಅರ್ಥ. ಸೀಟಿನ ಸುತ್ತ ಎಲ್ಲೂ ತುಂಡಾಗದ ಬೂದು ಬಣ್ಣದ ಉಂಗುರ ಕಾಣಬೇಕು. “ಕಣ್ಣಿಗಿಂತ ಕಿವಿ ಬೇಗ ಹೇಳ್ತದೆ” ಎಂದರು ಅವರು. ಆಮೇಲೆ ವಾಲ್ವು, ಸ್ಪ್ರಿಂಗು ಜೋಡಿಸಿ, ಹೆಡ್ಡನ್ನು ಮಗುಚಿ, ಪ್ರತಿ ಗುಂಡಿಗೂ ಸೀಮೆಎಣ್ಣೆ ತುಂಬಿ ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಒಂದು ಗುಂಡಿಯಲ್ಲಿ ಮಾತ್ರ ಕಡಿಮೆಯಾಗಿತ್ತು, ಅದನ್ನು ಮತ್ತೆ ಉಜ್ಜಿದೆವು. ಬಾಳೆಲ್ಲ ದೊಡ್ಡ ದೊಡ್ಡ ಯಂತ್ರಗಳ ನಡುವೆ ಕಳೆದ ಆ ಹಿರಿಯರ ಬೆರಳುಗಳು ಕೂದಲೆಳೆಯಷ್ಟು ಸೂಕ್ಷ್ಮ ಕೊರತೆಯನ್ನೂ ಗುರುತಿಸುತ್ತಿದ್ದವು. 2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಹೋರಾಡಿದರು, ಅದೇ ವರ್ಷ ಬಾರ್ ಮಿಲ್ಲು ಮತ್ತೆ ಸುತ್ತಿತು. ಕಾರ್ಖಾನೆಯ ಭವಿಷ್ಯ ದೊಡ್ಡವರ ಕೈಯಲ್ಲಿದೆ. ಅಲ್ಲಿ ಬೆಳೆದ ಕೈಚಳಕವನ್ನು ನಾವು ನೀವು ಹೋಗಿ ಕೇಳಿ ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಬಿಡಿಭಾಗದ ಬಗ್ಗೆ ಒಂದು ಎಚ್ಚರಿಕೆ. ಇಷ್ಟು ವರ್ಷ ಫಿಯಟ್ಟಿನ ಸಾಮಾನು ಸುಲಭವಾಗಿ ಸಿಕ್ಕಿದ್ದಕ್ಕೆ ಕಾರಣ ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು. 2023ರ ಅಕ್ಟೋಬರಿನಲ್ಲಿ ಅವುಗಳ ಕಾಲ ಮುಗಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇನ್ನೂ ಗ್ಯಾಸ್ಕೆಟ್ಟು, ರಿಂಗು, ಬೇರಿಂಗು ಸಿಗುತ್ತವೆ. ಕಾಯುತ್ತ ಕೂತರೆ ಸಿಗಲಾರವು. ಎಂಜಿನ್ ಬಿಚ್ಚುವ ಮೊದಲೇ ಗ್ಯಾಸ್ಕೆಟ್ ಸೆಟ್ಟು ತಂದಿಟ್ಟುಕೊಳ್ಳಿ.

ಇಂಧನವೂ ಬದಲಾಗಿದೆ. ಈ ಎಂಜಿನ್ನು ಸೀಸ ಬೆರೆತ ಪೆಟ್ರೋಲಿನ ಕಾಲದ್ದು. 2000ದಲ್ಲಿ ದೇಶದಾದ್ಯಂತ ಆ ಪೆಟ್ರೋಲು ನಿಂತಿತು, ನಮ್ಮ ಮಕ್ಕಳ ಮಿದುಳಿನ ದೃಷ್ಟಿಯಿಂದ ಅದು ನಿಂತದ್ದೇ ಒಳಿತಾಯಿತು. ಆದರೆ ಎಕ್ಸಾಸ್ಟ್ ವಾಲ್ವಿನ ಸೀಟನ್ನು ಆ ಸೀಸವೇ ಕಾಯುತ್ತಿತ್ತು. ಹೆಡ್ಡು ಹೇಗೂ ಲೇತಿನ ಅಂಗಡಿಯಲ್ಲಿದ್ದಾಗ ಗಟ್ಟಿ ಲೋಹದ ಸೀಟು ಕೂರಿಸಿಬಿಟ್ಟರೆ ಆ ಚಿಂತೆ ತೀರಿತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಇವನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸಲೇಬೇಕು. ಬಿಸಿ ಎಂಜಿನ್ನಿನ ಮೇಲೆ ಪೈಪು ಸೋರಿದರೆ ಗಾಡಿಯೇ ಹೊತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ.

ಎಂಜಿನ್ ಬದಲಿಸಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಬಳಸದ ಗಾಡಿಗೆ ಈ ಮಾನ್ಯತೆ. ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿ.ಎ.’ ಎಂದು ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ನಂತರ ಮರು ನೋಂದಣಿಗೆ 5,000. ಈ ನಂಬರಿನ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥವಕ್ಕೆ ರಸ್ತೆಗೆ ತರಬಹುದು. ಧರ್ಮಸ್ಥಳದ ಸಂಗ್ರಹವನ್ನೋ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೋ ನೋಡಿ ಬಂದವರಿಗೆ ಮೂಲ ರೂಪದಲ್ಲಿ ಉಳಿದ ಗಾಡಿಯ ಬೆಲೆ ನಾನು ಹೇಳಬೇಕಾಗಿಲ್ಲ. ಬೇರೆ ಎಂಜಿನ್ ಕೂರಿಸಿದ ದಿನವೇ ಆ ಬಾಗಿಲು ಮುಚ್ಚಿತು.

ಕಟ್ಟುವುದು ಬಿಚ್ಚಿದ್ದಕ್ಕಿಂತ ನಿಧಾನ. ಪ್ರತಿ ಬೇರಿಂಗಿಗೂ ಎಣ್ಣೆ ಸವರಿ, ಒಂದೊಂದು ಕ್ಯಾಪು ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಬಿಗಿಯಾದರೆ ಆಗ ಬಿಗಿದ ಕ್ಯಾಪಿನಲ್ಲೇ ದೋಷ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಪ್ಲಗ್ಗಿನ ವೈರುಗಳು 1-3-4-2ರ ಕ್ರಮದಲ್ಲಿ. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ಗುಗಳನ್ನು ತೆಗೆದು, ಆಯಿಲ್ ಪ್ರೆಷರ್ ಬರುವವರೆಗೆ ಬರೀ ಸ್ಟಾರ್ಟರಿನಿಂದ ಸುತ್ತಿಸಬೇಕು. ಅಷ್ಟಾದ ಮೇಲೆ ನಮ್ಮ ಎಂಜಿನ್ ಹತ್ತಿಕೊಂಡಿತು. ಮೊದಲು ಬಿಳಿ ಹೊಗೆ ಕಾರಿ, ಒಂದೆರಡು ಸಲ ಕೆಮ್ಮಿ, ಆಮೇಲೆ ನಾಲ್ಕೂ ಸಿಲಿಂಡರಿನ ಲಯಕ್ಕೆ ಬಂತು. ಮಾವ ತೀರ್ಥಹಳ್ಳಿಯಿಂದ ಬಂದು, ಆ ಸದ್ದನ್ನು ಕೇಳುತ್ತ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. “ಇದೇ ಕಣೋ, ಇದೇ ಸದ್ದು” ಎಂದರು.

ಈಗ ರನ್ನಿಂಗ್ ಇನ್ ನಡೆದಿದೆ. ಮೊದಲ ಕೆಲವು ನೂರು ಕಿಲೋಮೀಟರು ಒಂದೇ ವೇಗದಲ್ಲಿ ಓಡಿಸಬಾರದು, ಎಂಜಿನ್ನನ್ನು ಏದುಸಿರು ಬಿಡಿಸಲೂಬಾರದು. ಮೊದಲ ಎಣ್ಣೆಯನ್ನು ಬೇಗ ಬದಲಿಸಿ, ಹೆಡ್ಡಿನ ನಟ್ಟುಗಳನ್ನೂ ಟ್ಯಾಪೆಟ್ಟುಗಳನ್ನೂ ಮತ್ತೊಮ್ಮೆ ನೋಡಬೇಕು. ಬದಲಿಸಿದ ಎಣ್ಣೆಯಲ್ಲಿ ಲೋಹದ ಹೊಳಪು ಕಂಡಿತು, ಹೊಸ ರಿಂಗು ಕೂರುವಾಗ ಅಷ್ಟು ಇರುವುದೇ.

ಕೊನೆಯದಾಗಿ, ಕೊಟ್ಟಿಗೆಯಲ್ಲಿ ಹಳೆಯ ಗಾಡಿ ಇರುವ ಕೇಳುಗರಲ್ಲಿ ಒಂದು ಬೇಡಿಕೆ. ಅದನ್ನು ಗುಜರಿಗೆ ಕಳಿಸುವ ಮುನ್ನ, ಎಂಜಿನ್ ಬದಲಿಸುವ ಮುನ್ನ, ಬ್ಲಾಕನ್ನು ಒಮ್ಮೆ ಲೇತಿನ ಅಂಗಡಿಗೆ ಒಯ್ದು ಬೋರ್ ಅಳೆಸಿ ನೋಡಿ. ಹೋಗುವಾಗ ಮನೆಯಲ್ಲಿ ಐ.ಟಿ.ಐ. ಓದುವ ಹುಡುಗನೋ ಹುಡುಗಿಯೋ ಇದ್ದರೆ ಜೊತೆಗೆ ಕರೆದೊಯ್ಯಿರಿ, ಗೇಜನ್ನು ಅವರ ಕೈಗೇ ಕೊಡಲು ಮೇಸ್ತ್ರಿಯನ್ನು ಕೇಳಿ. ನಾನು ಹೋದ ಅಂಗಡಿಯಲ್ಲಿ ಬೋರಿಂಗ್ ಯಂತ್ರ ನಡೆಸಬಲ್ಲವರು ಒಬ್ಬರೇ ಇದ್ದಾರೆ, ಅವರಿಗೆ ವಯಸ್ಸಾಗಿದೆ. ಕಲಿಯಲು ಬರುವವರಿದ್ದರೆ ಹೇಳಿಕೊಡಲು ತಾವು ಸಿದ್ಧ ಎಂದು ಅವರೇ ನನ್ನೊಡನೆ ಹೇಳಿದ್ದಾರೆ.